ಓರೆಗೋಡಿನ ಹೋರಿ

ಮೊನ್ನೆ ಕಿನ್ನಾಳಕ್ಕೆ ಹೋಗಿದ್ದೆವು. ಸೊಸೆಗೆ ಪಡಸಾಲೆಯಲ್ಲಿ ಇಡಲು ಒಂದು ಮರದ ಗಿಳಿ ಬೇಕಿತ್ತು, ಮೊಮ್ಮಗಳಿಗೆ ಸಾಲೆಯ ರಜೆ ಇತ್ತು, ನನಗೆ ಮನೆಯಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. ಗೊಂಬೆ ಮಾಡುವವರ ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹುಣಸೆ ಬೀಜದ ಅಂಟು ಕುದಿಯುತ್ತಿತ್ತು. ಹುರಿದ ಬೀಜದ ಘಮ, ಅದರ ಹಿಂದೆಯೇ ಹಳಸಿದ ಗಂಜಿಯಂಥ ಒಂದು ವಾಸನೆ. ಐವತ್ತು ವರ್ಷಗಳಿಂದ ಅದು ನನ್ನ ಮೂಗಿಗೆ ಬಡಿದಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತೆ.

ಮೊಮ್ಮಗಳು ಪಕ್ಕದಲ್ಲಿ ಬಂದು ಕೂತು ಚೀಲದಿಂದ ತನ್ನ ಚಿತ್ರದ ಪುಸ್ತಕ ತೆಗೆದಳು. ಬಿಳಿ ಕುರಿಗಳ ಹಿಂಡಿನಲ್ಲಿ ಒಂದೇ ಒಂದು ಚುಕ್ಕೆಯ ಮರಿ, ಅದನ್ನು ಕಂಡು ಉಳಿದವು ನಗುತ್ತವೆ, ಕೊನೆಗೆ ಆ ಮರಿ ತಾನಿರುವ ರೀತಿಯೇ ಚೆಂದ ಎಂದು ತಲೆ ಎತ್ತಿ ನಡೆಯುತ್ತದೆ. ಓದಿ ಮುಗಿಸಿ ಕೇಳಿದಳು: "ಅಜ್ಜಾ, ನೀ ಮಾಸ್ತರ ಇದ್ದಾಗ ಇಂಥ ಪುಸ್ತಕ ಇದ್ದವೇನು?"

"ಇರಲಿಲ್ಲವ್ವಾ" ಎಂದೆ.

ಹಸಿ ಸುಳ್ಳು. ಒಂದಿತ್ತು. ಅದನ್ನು ಮಾಡಿದವನು ನಾನೇ ಎಂದು ಆ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮಗುವಿನ ಎದುರು ಮಾತ್ರ ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೂ ಮನಸ್ಸು ಕುಟುಕುತ್ತಲೇ ಇತ್ತು, ಅದಕ್ಕೇ ಇದನ್ನು ಬರೆಯಲು ಕೂತೆ. ಬರೆದರೆ ಹಗುರಾಗುತ್ತದೆ ಎನ್ನುವವರಿದ್ದಾರೆ. ನನಗೆ ಆ ಆಸೆಯೇನೂ ಇಲ್ಲ.

ಎರಡನೆಯ ಮಹಾಯುದ್ಧದ ಕಾಲ ಅದು. ನನಗೆ ಇಪ್ಪತ್ತೊಂದು. ಗದಗಿನಲ್ಲಿ ಕನ್ನಡ ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದೆ ಎನ್ನುವ ಜಂಬ ಬೇರೆ. ನಮ್ಮ ಕಡೆ ಆಗ ನಿಜಾಮರ ಆಳಿಕೆ. ಸರಕಾರಿ ಸಾಲೆಗಳಲ್ಲೆಲ್ಲ ಉರ್ದು. ಕನ್ನಡ ಕಲಿಯಬೇಕೆನ್ನುವವರು ತಾವೇ ಒಬ್ಬ ಮಾಸ್ತರನನ್ನು ಹುಡುಕಿ ತಂದು ಖಾಸಗಿ ಸಾಲೆ ನಡೆಸಬೇಕು. ಯಲಬುರ್ಗಿಗೂ ಕುಷ್ಟಗಿಗೂ ನಡುವೆ ಎರೆಭೂಮಿಯ ಒಂದು ಹಳ್ಳಿಯವರು ನನ್ನನ್ನು ಕರೆದೊಯ್ದರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಹತ್ತಿರ ಕಲಿತ ಒಬ್ಬ ಹುಡುಗಿಯ ಮಕ್ಕಳು ಮೊಮ್ಮಕ್ಕಳು ಆ ಸೀಮೆಯಲ್ಲೇ ಇರಬಹುದು.

ಕಾರಹುಣ್ಣಿಮೆಯ ಮುಂದೆ ಹೋಗಿ ಸೇರಿದೆ. ಹನುಮಪ್ಪನ ಗುಡಿಯ ಪೌಳಿಯೇ ಸಾಲೆ. ಹದಿನೆಂಟು ಮಕ್ಕಳು, ಅವರಲ್ಲಿ ಹುಡುಗಿಯರು ಮೂವರು. ಮೂರನೆಯವಳು ಹುಲಿಗೆವ್ವ. ಒಂಬತ್ತೋ ಹತ್ತೋ ವರ್ಷ, ಗಿಡ್ಡಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಪಾಟಿ ಹಿಡಿದುಕೊಂಡು ಕಂಬಕ್ಕೆ ಅಂಟಿ ಕೂಡುತ್ತಿದ್ದಳು. ಉಳಿದ ಮಕ್ಕಳು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಮೊದಲ ಎಂಟು ದಿನ ಕೇಳಲೇ ಇಲ್ಲ. "ರೊಡ್ಡಿ" ಎನ್ನುತ್ತಿದ್ದರು. ಎಡಗೈಯವಳು ಎಂದು.

ಬರೆಯುವುದು, ಕಲ್ಲು ಒಗೆಯುವುದು, ಮೂಗು ಒರೆಸಿಕೊಳ್ಳುವುದು, ಎಲ್ಲ ಎಡಗೈಯಲ್ಲೇ. ಕನ್ನಡ ಎಡದಿಂದ ಬಲಕ್ಕೆ ಹೋಗುವ ಬರವಣಿಗೆ. ಬಳಪ ಮುಂದೆ ಹೋದಂತೆ ಅವಳ ಅಂಗೈ ಹಿಂದಿನಿಂದ ಬಂದು ಬರೆದದ್ದನ್ನು ಒರೆಸಿಬಿಡುತ್ತಿತ್ತು. ಸಾಲು ಮುಗಿಯುವ ಹೊತ್ತಿಗೆ ಪಾಟಿಯ ಮೇಲೆ ಕೊನೆಯ ಎರಡಕ್ಷರ ಮಾತ್ರ ಉಳಿದಿರುತ್ತಿದ್ದವು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಬಿಳಿ ಹಿಟ್ಟು. ನಾನು ಬೈಯುತ್ತಿದ್ದೆ. ಸರಕಾರಿ ಪರೀಕ್ಷೆಗೆ ಬೇಕೆಂದು ದಿನಕ್ಕೆ ಅರ್ಧ ತಾಸು ಉರ್ದು ಅಕ್ಷರವನ್ನೂ ತಿದ್ದಿಸುತ್ತಿದ್ದೆ. ಅದು ಬಲದಿಂದ ಎಡಕ್ಕೆ. ಆ ಅರ್ಧ ತಾಸಿನಲ್ಲಿ ಇಡೀ ಸಾಲೆಯಲ್ಲಿ ಅವಳ ಪಾಟಿಯಷ್ಟು ಸ್ವಚ್ಛವಾದದ್ದು ಇನ್ನೊಂದಿರಲಿಲ್ಲ. ಅದನ್ನು ನಾನು ನೋಡಿದ್ದೆ. ಒಂದು ದಿನವಾದರೂ "ಛಲೋ ಬರದೀಯವ್ವಾ" ಎನ್ನಬಹುದಿತ್ತು. ಅನ್ನಲಿಲ್ಲ.

ಅವಳು ಚಿತ್ರ ತೆಗೆಯುವುದು ಗೊತ್ತಾದದ್ದು ಶ್ರಾವಣದ ಜಿಟಿಜಿಟಿಯಲ್ಲಿ. ಹೊಲಕ್ಕೆ ಯಾರೂ ಹೋಗುವಂತಿಲ್ಲ, ಎರೆಮಣ್ಣು ಕಾಲಿಗೆ ಮೆತ್ತಿ ಎತ್ತಲು ಬರುವುದಿಲ್ಲ. ಮಕ್ಕಳೆಲ್ಲ ಪೌಳಿಯಲ್ಲೇ. ನಾನು ಮಧ್ಯಾಹ್ನ ಒಂದು ಜೋಂಪು ತೆಗೆದು ಎದ್ದು ನೋಡಿದರೆ ನೆಲದ ಕಲ್ಲಿನ ಮೇಲೆ ಇದ್ದಿಲಿನಲ್ಲಿ ಗೌಡರ ಹೋರಿ ನಿಂತಿತ್ತು. ಗೌಡರದೇ ಎಂದು ನನಗೂ ಗುರುತು ಸಿಕ್ಕಿತು. ಆ ಹೋರಿಯ ಹೆಗಲ ಮೇಲಿನ ಹಿಣಿಲು ಒಂದು ಮಗ್ಗುಲಿಗೆ ವಾಲಿತ್ತು, ಚಿತ್ರದಲ್ಲೂ ವಾಲಿತ್ತು. ಅಷ್ಟು ದೊಡ್ಡದನ್ನು ಇದ್ದಿಲು ಎತ್ತದೆ ಒಂದೇ ಗೆರೆಯಲ್ಲಿ ಎಳೆದಂತಿತ್ತು. ಹುಲಿಗೆವ್ವ ಕರಿಯಾದ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಏಟಿಗೆ ಸಿದ್ಧಳಾಗಿ ನಿಂತಿದ್ದಳು. ನಾನು ಹೊಡೆಯಲಿಲ್ಲ. ಇಷ್ಟಾದರೂ ನನ್ನ ಪರವಾಗಿ ಹೇಳಿಕೊಳ್ಳಬಹುದು.

ಆ ರಾತ್ರಿಯಿಂದ ನನಗೆ ಪುಸ್ತಕದ ಹುಚ್ಚು ಹಿಡಿಯಿತು. ಮಕ್ಕಳ ಕೈಗೆ ಕೊಡಲು ನಮ್ಮಲ್ಲಿ ಅಂಕಲಿಪಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾನೇ ಒಂದು ಕತೆ ಕಟ್ಟಿದೆ. ಒಂದು ಹೋರಿ, ಅದರ ಒಂದು ಕೋಡು ಮೇಲಕ್ಕೆ, ಒಂದು ಕೆಳಕ್ಕೆ. ಕಾರಹುಣ್ಣಿಮೆಯ ದಿನ ಎಲ್ಲ ಎತ್ತುಗಳ ಕೋಡಿಗೂ ಬಣ್ಣ ಹಚ್ಚಿ, ಇದನ್ನು ಮಾತ್ರ ನಗೆಪಾಟಲಾಗುತ್ತದೆಂದು ಕೊಟ್ಟಿಗೆಯಲ್ಲಿ ಬಿಟ್ಟು ಹೋಗುತ್ತಾರೆ. ಮುಂದೆ ಒಂದು ದಿನ ಹಳ್ಳಕ್ಕೆ ನೀರು ಬಂದು ಒಡೆಯನ ಕೂಸು ತೇಲಿಹೋಗುವಾಗ, ಆ ಕೆಳಕ್ಕೆ ಬಾಗಿದ ಕೋಡೇ ಅದರ ಕೈಗೆ ಸಿಕ್ಕುತ್ತದೆ. ಕೂಸು ಜೋತುಬಿದ್ದು ಉಳಿಯುತ್ತದೆ. ಕೊನೆಯಲ್ಲಿ ಹೋರಿ ಹೇಳುತ್ತದೆ: "ನನ್ನ ಕೋಡು ಹೀಂಗ ಐತಿ, ಹೀಂಗ ಇರಲಿ."

ಕತೆ ಹುಲಿಗೆವ್ವನನ್ನು ನೋಡಿಯೇ ಹೊಳೆದದ್ದು. ಮಕ್ಕಳು ರೊಡ್ಡಿ ಎನ್ನುವುದನ್ನು ನಿಲ್ಲಿಸಲಿ, ಅವಳು ಕಂಬ ಬಿಟ್ಟು ಮುಂದೆ ಬರಲಿ ಎಂದೇ ಕಟ್ಟಿದ್ದೆ. ಆಗ ನನ್ನ ಮನಸ್ಸು ಕೆಟ್ಟದಾಗಿರಲಿಲ್ಲ. ಅದು ನೆನಪಾದಾಗ ಸಂಕಟ ಇನ್ನಷ್ಟು ಹೆಚ್ಚಾಗುತ್ತದೆ.

ಕಾಗದ ಎಲ್ಲಿಂದ ತರುವುದು? ಯುದ್ಧದಿಂದಾಗಿ ಹಾಳೆಯೆನ್ನುವುದು ಔಷಧಕ್ಕೂ ಸಿಕ್ಕುತ್ತಿರಲಿಲ್ಲ. ಊರ ಲೆಕ್ಕ ಬರೆಯುವ ಪಟವಾರಿಯವರ ಮನೆಯಲ್ಲಿ ಅರ್ಧ ಬರೆದು ಕೈಬಿಟ್ಟ ಒಂದು ದಪ್ಪ ದಫ್ತರವಿತ್ತು, ಅದನ್ನು ಕೊಟ್ಟರು. ಅದು ಉರ್ದು ದಫ್ತರ. ನಮ್ಮ ಲೆಕ್ಕಕ್ಕೆ ಹಿಂದಿನ ರಟ್ಟಿನಿಂದ ಬರವಣಿಗೆ ಶುರುವಾಗಿ ನಡುವಿಗೆ ಬಂದು ನಿಂತಿತ್ತು. ಹಾಗಾಗಿ ನಮ್ಮ ಮೊದಲ ಪುಟದಿಂದ ನಡುವಿನವರೆಗೆ ಖಾಲಿ! ಆ ಕಡೆಯಿಂದ ಪಟವಾರಿಗಳ ಉರ್ದು, ಈ ಕಡೆಯಿಂದ ನಮ್ಮ ಹೋರಿ. ಮಕ್ಕಳಿಗೆ ಇದೊಂದು ದೊಡ್ಡ ತಮಾಷೆಯಾಗಿತ್ತು.

ಬಣ್ಣಕ್ಕೆ ಹುರಮಂಜಿನ ಕೆಂಪು, ಹಣತೆಯ ಮಸಿ, ಅರಿಸಿನ, ಬಟ್ಟೆಗೆ ಹಾಕುವ ನೀಲಿ. ಬಣ್ಣ ಕಾಗದಕ್ಕೆ ಹಿಡಿಯಲೆಂದು ಕಿನ್ನಾಳದವರ ರೀತಿಯಲ್ಲಿ ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಗುಡಿಯ ಹಿಂದೆ ಅಂಟು ಕುದಿಸುತ್ತಿದ್ದೆವು. ಈಚಲ ಕಡ್ಡಿಯ ತುದಿ ಜಜ್ಜಿದರೆ ಕುಂಚ. ನಾನು ಮೇಲೆ ಎರಡು ಸಾಲು ಬರೆದು ಕೊಡುವುದು, ಹುಲಿಗೆವ್ವ ಕೆಳಗೆ ಚಿತ್ರ ತೆಗೆಯುವುದು. ಬರೆಯುವಾಗ ಕಣ್ಣೀರು ಹಾಕುವ ಹುಡುಗಿ ಚಿತ್ರ ತೆಗೆಯುವಾಗ ನಾಲಿಗೆ ಹೊರಗೆ ಚಾಚಿ, ತಲೆ ಓರೆ ಮಾಡಿ, ಯಾರು ಕರೆದರೂ ಓ ಎನ್ನುತ್ತಿರಲಿಲ್ಲ. ಒಂದು ಪುಟದಲ್ಲಿ ಹೋರಿ ಕೊಟ್ಟಿಗೆಯ ಕಿಂಡಿಯಿಂದ ಹೊರಗೆ ನೋಡುತ್ತದೆ. ಆ ಕಣ್ಣನ್ನು ನೋಡಲೆಂದೇ ಮಕ್ಕಳು ಮತ್ತೆ ಮತ್ತೆ ಆ ಪುಟ ತೆರೆಯುತ್ತಿದ್ದರು. ಮಹಾನವಮಿಯ ಹೊತ್ತಿಗೆ ರೊಡ್ಡಿ ಎನ್ನುವುದು ತಾನಾಗಿ ನಿಂತುಹೋಯಿತು.

ಅಷ್ಟರಲ್ಲಿ ಅವಳ ತಾಯಿ ದ್ಯಾಮವ್ವ ಬಂದಳು. ಹೊಲದಿಂದ ನೆಟ್ಟಗೆ ಬಂದವಳು, ತಲೆಯ ಮೇಲೆ ಹುಲ್ಲಿನ ಹೊರೆ ಹಾಗೇ ಇತ್ತು. ಪೌಳಿಯ ಕೆಳಗೆ ನಿಂತೇ ಮಾತಾಡಿದಳು.

"ಗುರುಗಳ, ಕೂಸಿನ ರೊಡ್ಡಗೈ ಬಿಡಸ್ತೀರಿ ಅಂತ ನಂಬಿ ಸಾಲಿಗೆ ಹಾಕೀನ್ರಿ. ಓದಿ ಆಕಿ ಏನು ಮಾಡೂದೈತಿ? ನಮ್ಮ ತಮ್ಮಗ ಕೊಡೂದು ಅಂತ ಹುಟ್ಟಿದಾಗ ಮಾತಾಗೇತಿ. ಈಗ ನಮ್ಮವ್ವ ಒಲ್ಲೆ ಅಂತಾಳ. ರೊಡ್ಡಗೈಲೆ ರೊಟ್ಟಿ ಬಡದು, ರೊಡ್ಡಗೈಲೆ ನೀಡೂ ಸೊಸಿ ನನಗ ಬ್ಯಾಡ, ಮೊಮ್ಮಗಳಾದ್ರೇನು ಅಂತಾಳ."

"ಮನ್ಯಾಗ ಹೇಳಿ ನೋಡಿದ್ರೇನು?" ಎಂದೆ.

"ಹೇಳೂದೇನ್ರಿ, ಬಾಸುಂಡಿ ಬರಂಗ ಬಡದೀನಿ. ಹುಲಿಗೆಮ್ಮಗ ಬೆಳ್ಳಿ ಕೈ ಮಾಡಿಸಿ ಹಾಕ್ತೀನಿ ಅಂತ ಹರಕಿ ಹೊತ್ತೀನಿ. ಈಗ ನಿಮ್ಮ ಕೈಯಾಗೈತಿ ನೋಡ್ರಿ."

ನಾನು ಏನು ಹೇಳಬೇಕಿತ್ತು? ಗುಡಿಯ ಎದುರಿಗೇ ಒಬ್ಬ ರೈತ ಹಿಂಗಾರಿ ಬಿತ್ತನೆಗೆ ಕೂರಿಗೆ ಹೂಡುತ್ತಿದ್ದ. ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಹೂಡಿದರೆ ಅದು ನೆಟ್ಟಗೆ ನಡೆಯುವುದಿಲ್ಲವೆಂದು ಆ ಊರಿನ ಕೂಸಿಗೂ ಗೊತ್ತು. ಎತ್ತನ್ನು ಯಾರೂ ಹಾಗೆ ಕಾಡುತ್ತಿರಲಿಲ್ಲ. ಆ ಮಾತನ್ನಾದರೂ ಹೇಳಬಹುದಿತ್ತು. "ಆಗಲಿ, ಬಿಡಸ್ತೀನಿ" ಎಂದೆ. ತಾಯಿಗೆ ಒಂದು ಮಾತು, ಮಗಳಿಗೆ ಒಂದು ಮಾತು. "ಚಿತ್ರಕ್ಕ ಎಡಗೈ ಇರಲಿ, ಬಾಕಿದ್ದಕ್ಕೆಲ್ಲ ಬಲಗೈ" ಎಂದು ಹುಲಿಗೆವ್ವನಿಗೆ ಹೇಳಿದೆ. ದೊಡ್ಡ ಜಾಣತನ ಮಾಡಿದೆನೆಂದು ಆಗ ಅನ್ನಿಸಿತ್ತು. ಹತ್ತು ವರ್ಷದ ಹುಡುಗಿ ಅದನ್ನು ಹೇಗೆ ನಿಭಾಯಿಸುತ್ತಾಳೆಂದು ಯೋಚಿಸಲಿಲ್ಲ. ಪಾಪ, ಅವಳು ನಿಭಾಯಿಸಿದಳು. ಬಲಗೈಯಲ್ಲಿ ಒಂದೊಂದು ಅಕ್ಷರಕ್ಕೂ ಬೆವರುತ್ತಿದ್ದಳು.

ಪುಷ್ಯ ಮಾಸ ಬಂತು. ಜೋಳದ ತೆನೆ ಹಾಲು ತುಂಬಿ ಊರೆಲ್ಲ ಸುಟ್ಟ ಎಳೆ ತೆನೆಯ ಸೀತನಿಯ ಸುಗ್ಗಿ. ಕೊಪ್ಪಳದಿಂದ ಒಬ್ಬ ವಕೀಲರು ಬರುತ್ತಾರೆಂದು ಸುದ್ದಿಯಾಯಿತು. ಕನ್ನಡ ಸಾಲೆಗಳೆಂದರೆ ಜೀವ ಬಿಡುವ ಮನುಷ್ಯ. ಊರೂರು ತಿರುಗಿ ಮಾಸ್ತರರಿಗೆ ಧೈರ್ಯ ಹೇಳುತ್ತಿದ್ದರು. ನಾನು ಪೌಳಿ ಸಾರಿಸಿದೆ, ತೋರಣ ಕಟ್ಟಿಸಿದೆ. ಪುಸ್ತಕ ಮುಗಿಯಲು ಎರಡೇ ಚಿತ್ರ ಉಳಿದಿದ್ದವು, ಹಳ್ಳದ ನೀರಿನದು ಮತ್ತು ಕೊನೆಯದು. ಇರಲಿ, ಇದ್ದಷ್ಟನ್ನೇ ತೋರಿಸಿದರಾಯಿತು ಎಂದುಕೊಂಡೆ.

ಬಂದವರಿಗೆ ಹುಡುಗಿಯರ ಕೈಯಿಂದ ಹೂವು ಕೊಡಿಸುವುದೆಂದು ಗೌಡರು ಹೇಳಿ ಕಳಿಸಿದರು. ಆಗ ನನಗೆ ಅಳುಕು ಹುಟ್ಟಿತು. ಹುಲಿಗೆವ್ವ ಗಡಿಬಿಡಿಯಲ್ಲಿ ಎಡಗೈ ಮುಂದೆ ಮಾಡಿದರೆ? ದೊಡ್ಡವರಿಗೆ ಎಡಗೈಯಲ್ಲಿ ಕೊಡುವುದೆಂದರೆ ಮುಖಕ್ಕೆ ಉಗುಳಿದ ಹಾಗೆ. ಸಾಲೆಯಲ್ಲಿ ಮಾಸ್ತರ ಏನು ಕಲಿಸುತ್ತಾನೆಂದು ಊರು ನನ್ನನ್ನೇ ಕೇಳುತ್ತದೆ. ಬೇರೆ ಹುಡುಗಿಯ ಕೈಯಲ್ಲಿ ಕೊಡಿಸಬಹುದಿತ್ತು, ನಿಜ. ಆದರೆ ಅವತ್ತು ಜನರ ನಡುವೆ ಅವಳ ತಾಯಿಯೂ ನಿಲ್ಲುವವಳಿದ್ದಳು, ಬಿಡಿಸುತ್ತೇನೆಂದ ಕೈಯನ್ನು ಬಿಡಿಸಿ ತೋರಿಸಬೇಕಿತ್ತು. ಬೆಳಿಗ್ಗೆ ಅವಳನ್ನು ಗುಡಿಯ ಹಿಂದೆ ಕರೆದೆ. ನನ್ನ ಹಳೆಯ ಧೋತರದ ಅಂಚು ಹರಿದು ಅವಳ ಎಡಗೈಗೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಸುತ್ತಿದೆ. ಬಿಗಿಯಾಗಿಯೇ ಸುತ್ತಿದೆ.

"ಯಾರರ ಕೇಳಿದ್ರ ಗಾಯ ಆಗೇತಿ ಅನ್ನು" ಎಂದೆ.

"ಎಲ್ಲಿ ಆಗೇತ್ರಿ?" ಎಂದು ಕೇಳಿದಳು. ನಿಜವಾಗಿ ತಿಳಿಯದೆ ಕೇಳಿದಳು.

"ಒಳಗ ಆಗೇತಿ ಅನ್ನು."

ವಕೀಲರು ಸವಾರಿ ಬಂಡಿಯಲ್ಲಿ ಬಂದರು. ಹೂವು ಅವರ ಕೈಗೆ ಸರಿಯಾಗಿ ಬಲಗೈಯಿಂದಲೇ ಹೋಯಿತು. ಹೆಂಗಸರ ನಡುವಿನಿಂದ ದ್ಯಾಮವ್ವ ನನ್ನನ್ನು ನೋಡಿ ಎರಡೂ ಕೈ ಜೋಡಿಸಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನೂ ಬರೆಯಲೇಬೇಕು, ಖುಷಿಯೇ ಆಯಿತು.

ಆಮೇಲೆ ಪುಸ್ತಕ ತೆಗೆದು ಕೊಟ್ಟೆ. ವಕೀಲರು ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವಿದರು. ಕೊಟ್ಟಿಗೆಯ ಕಿಂಡಿಯ ಪುಟಕ್ಕೆ ಬಂದು ಬಹಳ ಹೊತ್ತು ನಿಂತರು.

"ಮಾಸ್ತರ, ನಮ್ಮ ಸೀಮ್ಯಾಗ ಇಂಥಾದ್ದೊಂದು ಪುಸ್ತಕ ಇಲ್ಲ" ಎಂದರು. "ಇದನ್ನ ಗದಗಿನ್ಯಾಗ ಅಚ್ಚ ಹಾಕಸೋಣ. ಮ್ಯಾಲ ದಪ್ಪಗ ನಿಮ್ಮ ಹೆಸರು. ಚಿತ್ರ ಯಾರು ತಗದಾರ?"

ನಾನು ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗಿದರು: "ಹುಲಿಗೆವ್ವ್ರೀ!"

"ಹೌದಾ! ಬಾರವ್ವಾ, ಒಂದು ಹೋರಿ ತಗಿ ನೋಡೂಣು" ಎಂದು ವಕೀಲರು ಪಾಟಿ ಮುಂದೆ ಇಟ್ಟರು. ಕರುಣೆಯ ದನಿ. ಅವರು ಕೆಟ್ಟದ್ದೇನೂ ಬಯಸಿರಲಿಲ್ಲ.

ಹುಲಿಗೆವ್ವ ಮುಂದೆ ಬಂದಳು. ಸುತ್ತಿದ ಕೈಯನ್ನು ನೋಡಿಕೊಂಡಳು. ನನ್ನನ್ನು ನೋಡಿದಳು. ಬಿಚ್ಚಲೇ ಎಂದು ಕೇಳುವ ನೋಟ ಅದು, ಅಷ್ಟು ಸ್ಪಷ್ಟವಾಗಿತ್ತು. ನಾನು ತೋರಣ ನೋಡಿದೆ. ಅವಳು ಬಳಪವನ್ನು ಬಲಗೈಗೆ ತೆಗೆದುಕೊಂಡಳು. ಗೆರೆ ನಡುಗಿತು, ಒಡೆಯಿತು, ಇನ್ನೊಂದು ಗೆರೆಗೆ ಕೂಡಲಿಲ್ಲ. ಕಾಲು ಹಾಕಲು ಹೋದಳು, ಅದು ಹೊಟ್ಟೆಯ ಒಳಗೇ ಹೋಯಿತು.

ಗೌಡರು ಬಗ್ಗಿ ನೋಡಿ ನಕ್ಕರು. "ಇದು ಹೋರಿ ಅಲ್ಲವ್ವಾ, ನೀರು ತುಂಬೂ ಹರವಿ!"

ಊರೆಲ್ಲ ನಕ್ಕಿತು. ಮಕ್ಕಳು ಮಾತ್ರ ನಗಲಿಲ್ಲ. ವಕೀಲರು ನನ್ನ ಭುಜದ ಮೇಲೆ ಕೈ ಇಟ್ಟರು.

"ತಿಳೀತು ಬಿಡ್ರಿ. ಮಕ್ಕಳನ್ನ ಮುಂದ ಮಾಡಿ ನೀವು ಹಿಂದ ನಿಂದ್ರೂ ಮನಿಶ್ಯಾ. ಹಂಗ ಮಾಡಬ್ಯಾಡ್ರಿ. ಖರೇ ಹೇಳ್ರಿ, ಚಿತ್ರ ನಿಮ್ಮವ ಹೌದಲ್ಲ?"

ಒಂದು ಗಂಟು ಬಿಚ್ಚಿದರೆ ಸಾಕಿತ್ತು. ಬಿಚ್ಚಿದರೆ ದ್ಯಾಮವ್ವನ ಎದುರು ಅವಳ ಮಗಳ ಸಂಬಂಧ ಮುರಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೂ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ರಟ್ಟಿನ ಮೇಲೆ ದಪ್ಪಗೆ ಅಚ್ಚಾದ ನನ್ನ ಹೆಸರು.

"ಹೌದ್ರಿ" ಎಂದೆ.

ಕೊನೆಯ ಎರಡು ಚಿತ್ರ ಮುಗಿಸಿ ಕಳಿಸಿಕೊಡಿ ಎಂದು ಹೇಳಿ ವಕೀಲರು ಸೀತನಿ ತಿಂದು ಹೊರಟುಹೋದರು. ಮಕ್ಕಳು ಅವತ್ತು ನನ್ನ ಮುಖ ನೋಡದೆ ಮನೆಗೆ ಹೋದರು. ನಾಳೆ ಹುಲಿಗೆವ್ವನನ್ನು ಕರೆದು ನಾಲ್ಕು ಸವಿಮಾತು ಆಡಿದರಾಯಿತು, ಬಣ್ಣ ಕೊಟ್ಟರೆ ಮರೆತುಬಿಡುತ್ತಾಳೆ ಎಂದು ಲೆಕ್ಕ ಹಾಕಿದೆ.

ಮರುದಿನ ಅವಳು ಬಂದಾಗ ಎಡಗೈಗೆ ಬಟ್ಟೆ ಹಾಗೇ ಇತ್ತು. ನಾನು ಕಟ್ಟಿದ ಕಟ್ಟಲ್ಲ. ಬಿಚ್ಚಿ ತೊಳೆದು ತಾನೇ ಮತ್ತೆ ಕಟ್ಟಿಕೊಂಡದ್ದು. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದಿರಬೇಕು, ಗಂಟಿನ ಹತ್ತಿರ ಬಟ್ಟೆ ಜಗಿದಂತಾಗಿತ್ತು. ಉಳಿದ ಮಕ್ಕಳು ನೀರಿಗೆ ಹೋದಾಗ ದಫ್ತರ, ಬಣ್ಣ, ಕುಂಚ ಎಲ್ಲ ತಂದು ಅವಳ ಮುಂದಿಟ್ಟೆ.

"ಹಳ್ಳದ ಚಿತ್ರ ತಗಿಯವ್ವಾ, ಹುಲಿಗೆವ್ವಾ. ಬಟ್ಟಿ ಬಿಚ್ಚು."

"ಗಾಯ ಆಗೇತ್ರಿ."

"ಗಾಯ ಎಲ್ಲೈತಿ? ನಾನ ಕಟ್ಟಿದ್ನಲ್ಲ."

"ಒಳಗ ಆಗೇತ್ರಿ ಗುರುಗಳ."

ನಾನೇ ಕೈ ಹಿಡಿದು ಬಿಚ್ಚಿದೆ. ಕೈ ಬೆಳ್ಳಗೆ ಸುಕ್ಕಾಗಿತ್ತು. ಕುಂಚವನ್ನು ಬೆರಳ ನಡುವೆ ಇಟ್ಟೆ. ಅವಳು ಹಿಡಿಯಲಿಲ್ಲ, ಬಿಡಲೂ ಇಲ್ಲ. ಬಣ್ಣ ತೊಟ್ಟಿಕ್ಕುವವರೆಗೆ ಹಾಗೇ ಕೂತಳು. ಹಟವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗುರುಗಳು ಕಲಿಸಿದ್ದನ್ನು ಸರಿಯಾಗಿ ಹೇಳಿ ಒಪ್ಪಿಸುತ್ತಿದ್ದಳು ಅಷ್ಟೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ನಾಚಿಕೆಯಾದಾಗ ಸಿಟ್ಟಾಗುವುದು ನನ್ನ ಜಾಯಮಾನ. "ಹೋಗು ಹಂಗಾರ" ಎಂದು ಗದರಿದೆ. ಅವಳು ಎದ್ದು ಕಂಬದ ಹತ್ತಿರ ಹೋಗಿ, ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಮತ್ತೆ ಕಟ್ಟಿಕೊಳ್ಳತೊಡಗಿದಳು.

ಕೊನೆಯ ಎರಡು ಚಿತ್ರಗಳನ್ನು ನಾನೇ ತೆಗೆದೆ. ಎಂಥ ಚಿತ್ರಗಳು! ಹಳ್ಳದ ನೀರು ಒಣಗಲು ಹಾಕಿದ ಕಂಬಳಿಯಂತೆ ಬಂತು, ಕೂಸು ಬದನೆಕಾಯಿಯಂತೆ. ಕೊನೆಯ ಪುಟದಲ್ಲಿ ಹೋರಿಯ ಬಾಯಿಂದ "ಹೀಂಗ ಇರಲಿ" ಎಂಬ ಆ ಮಾತು ಬರೆಯುವುದಿತ್ತು. ಅದನ್ನೂ ಬರೆದೆ.

ದ್ಯಾಮವ್ವ ಭಾರತ ಹುಣ್ಣಿಮೆಗೆ ಮಗಳನ್ನು ಕರೆದುಕೊಂಡು ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಹೋಗಿ ಬೆಳ್ಳಿ ಕೈ ಒಪ್ಪಿಸಿ ಬಂದಳು. ನನಗೆಂದೇ ಬೇರೆ ಎತ್ತಿಟ್ಟು ಪ್ರಸಾದ ತಂದುಕೊಟ್ಟಳು. "ತಾಯಿ ಕಣ್ಣು ತಗದ್ಲು, ನೀವು ಕೈ ತಿದ್ದಿದ್ರಿ" ಎಂದಳು. ಪ್ರಸಾದ ಬೇಡವೆನ್ನಲು ಬರುವುದಿಲ್ಲ. ಕಣ್ಣಿಗೆ ಒತ್ತಿಕೊಂಡು ತಿಂದೆ. ಬಟ್ಟೆ ಯಾವಾಗ ಹೋಯಿತೋ ನನ್ನ ಗಮನಕ್ಕೆ ಬರಲಿಲ್ಲ. ಅದರ ಅಗತ್ಯ ಮುಗಿದಿತ್ತು. ಎಡಗೈ ಈಗ ಸದಾ ಲಂಗದ ಮಡಿಕೆಯೊಳಗೆ ಇರುತ್ತಿತ್ತು.

ಅಚ್ಚಿನ ಮಾತೂ ಗಾಳಿಗೆ ಹೋಯಿತು. ಗದಗಿನಲ್ಲಿ ಕಾಗದವಿಲ್ಲ, ಯುದ್ಧ ಮುಗಿಯಲಿ ನೋಡೋಣ ಎಂದು ವಕೀಲರು ಪುಸ್ತಕವನ್ನು ಒಬ್ಬರ ಕೈಯಲ್ಲಿ ತಿರುಗಿ ಕಳಿಸಿದರು. ಮುಂದೆ ನನಗೆ ಬೇರೆ ಊರಾಯಿತು, ಮತ್ತೊಂದು ಊರಾಯಿತು, ಒಂದು ಮಳೆಗಾಲದಲ್ಲಿ ಟ್ರಂಕಿಗೆ ಗೆದ್ದಲು ಹತ್ತಿ ಅದು ಮಣ್ಣಾಯಿತು. ಅದರ ಮೊದಲು, ವಕೀಲರನ್ನು ಬಿಟ್ಟರೆ, ಒಂದು ಸಲ, ಒಂದೇ ಸಲ, ಅದನ್ನು ಊರಿನ ಹೊರಗಿನವರಿಗೆ ತೋರಿಸಿದ್ದುಂಟು.

ಆ ಭಾರತ ಹುಣ್ಣಿಮೆಯ ಮುಂದೆ ಬಂದ ಯುಗಾದಿಯ ಮರುದಿನ. ಕುಷ್ಟಗಿಯ ಕಡೆಯಿಂದ ಹುಲಿಗೆವ್ವನ ಅಜ್ಜಿ, ಅಂದರೆ ದ್ಯಾಮವ್ವನ ತಾಯಿ, ಮೊಮ್ಮಗಳನ್ನು ಸೊಸೆ ಮಾಡಿಕೊಳ್ಳುವ ಮಾತು ಗಟ್ಟಿ ಮಾಡಲು ಬಂದಿದ್ದಳು. ಕೈ ತಿದ್ದಿದ ಗುರುಗಳು ಎಂದು ನನ್ನನ್ನೂ ಊಟಕ್ಕೆ ಕರೆದಿದ್ದರು. ಪುಸ್ತಕವನ್ನೂ ತರಬೇಕೆಂದು ದ್ಯಾಮವ್ವನ ಒತ್ತಾಯ; ಮಗಳು ಕಲಿತ ಸಾಲೆ ಎಂಥದ್ದೆಂದು ತಾಯಿಗೆ ತೋರಿಸುವ ಹಂಬಲ. ಅಜ್ಜಿ ಗಟ್ಟಿ ಹೆಂಗಸು, ಮುಖದ ತುಂಬ ಹಚ್ಚೆ. ಒಲೆಯ ಪಕ್ಕದಲ್ಲಿ ಕೂತು ಮೊಮ್ಮಗಳು ರೊಟ್ಟಿ ಬಡಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಹುಲಿಗೆವ್ವ ಬಲಗೈಯಲ್ಲಿ ಬಡಿದಳು. ಅಂಚು ಸೀಳುತ್ತಿತ್ತು, ರೊಟ್ಟಿ ದುಂಡಗಾಗುತ್ತಿರಲಿಲ್ಲ. ಆದರೂ ಬಲಗೈ. ನನಗೆ ನೀಡಿದ್ದೂ ಬಲಗೈಯಲ್ಲೇ.

ಅಜ್ಜಿ ತೃಪ್ತಳಾಗಿ ಕೈ ಒರೆಸಿಕೊಂಡು ಪುಸ್ತಕ ತೆರೆದಳು. ಓದು ಬಾರದವಳು, ಚಿತ್ರವನ್ನೇ ನೋಡುತ್ತ ಹೋದಳು. ಕಾರಹುಣ್ಣಿಮೆಯ ಎತ್ತುಗಳನ್ನು ನೋಡಿ ಬಾಯಿ ತುಂಬ ನಕ್ಕಳು. ಕಿಂಡಿಯಿಂದ ನೋಡುವ ಹೋರಿಯ ಹತ್ತಿರ ಬಂದಾಗ ನಗು ನಿಂತಿತು. ಬೆರಳಿನಿಂದ ಆ ಕಣ್ಣನ್ನು ಮುಟ್ಟಿ ನೋಡಿದಳು.

"ಅಯ್ಯ, ಜೀವ ಐತಲ್ಲಬೇ ಇದರಾಗ!" ಎಂದಳು. ಮುಂದೆ ತಿರುವಿ ಕೊನೆಯ ಎರಡು ಪುಟಕ್ಕೆ ಬಂದು ಹುಬ್ಬು ಗಂಟಿಕ್ಕಿದಳು. "ಕಡೀಕ ಕೈ ಸೋತೈತಿ, ಇರಲಿ. ಮೊದಲಿನವು ಎಂಥ ಕೈಲೆ ತಗದಾರ! ಇಂಥ ಕೈ ಸಾವಿರಕ್ಕೊಬ್ಬರಿಗೆ ಇರತೈತಿ. ಯಾರು ತಗದಾರ?"

ನನಗೆ ತಟ್ಟನೆ ಹೊಳೆಯಿತು, ಇದೇ ಹೊತ್ತು. ಆ ಕೈಯನ್ನು ಒಲ್ಲೆ ಎಂದವಳೇ ತನ್ನ ಬಾಯಿಂದ ಹೊಗಳಿದ್ದಾಳೆ. ಈಗ ಒಂದು ಮಾತು ಹೇಳಿದರೆ, "ಅವ್ವಾ, ನಿಮ್ಮ ಮೊಮ್ಮಗಳ ಎಡಗೈ ತಗದದ್ದು" ಎಂದರೆ, ಆ ಮುದುಕಿ ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಬೈಯುತ್ತಿದ್ದಳೋ, ಮೊಮ್ಮಗಳ ಕೈ ಹಿಡಿದು ನೋಡುತ್ತಿದ್ದಳೋ. ಅದನ್ನು ತಿಳಿಯಲು ಇದ್ದದ್ದು ಅದೊಂದೇ ಗಳಿಗೆ.

ಒಲೆಯ ಮುಂದಿನಿಂದ ಹುಲಿಗೆವ್ವ ತಲೆ ಎತ್ತಿದಳು.

"ನಮ್ಮ ಗುರುಗಳು ತಗದಾರಬೇ ಯಮ್ಮಾ" ಎಂದಳು. ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ನನ್ನ ಬಗ್ಗೆ ಹೆಮ್ಮೆಯೇ ಇತ್ತು.

ಅಜ್ಜಿ ನನ್ನ ಕಡೆ ತಿರುಗಿ ಹೌದೇ ಎಂಬಂತೆ ನೋಡಿದಳು. ನನ್ನ ಬಾಯಲ್ಲಿ ತುತ್ತಿತ್ತು. ಅದನ್ನು ಅಗಿಯುತ್ತಲೇ ಹೌದೆಂದು ತಲೆ ಆಡಿಸಿದೆ.